29 ಇಂಚು ಅಂದರೆ 29 ಇಂಚಲ್ಲ: ಮೌಂಟನ್ ಬೈಕ್ ಚಕ್ರದ ಲೆಕ್ಕ

ತಾತನ ಕರಿ ಸೈಕಲ್ಲಿನ ಚಕ್ರ 28 ಇಂಚು. ನನ್ನ ಮೌಂಟನ್ ಬೈಕಿನದು 29. ಎರಡರ ಟೈರನ್ನೂ ಬಿಚ್ಚಿ, ಬರೀ ರಿಮ್ಮುಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ದೊಡ್ಡದು? ತಾತನದೇ. 13 ಮಿಲಿಮೀಟರ್ ದೊಡ್ಡದು.

ಚಕ್ರದ ಅಳತೆ ಓದಲು ಕೂತ ಮೊದಲ ದಿನವೇ ನನ್ನ ತಲೆ ಕೆಡಿಸಿದ್ದು ಇದು. ಹಾಗಾಗಿ ಟಿಪ್ಪಣಿಯನ್ನೂ ಇಲ್ಲಿಂದಲೇ ಶುರು ಮಾಡುತ್ತೇನೆ. 26, 27.5, 29 ಅಂತ ಅಂಗಡಿಯಲ್ಲಿ ಹೇಳುತ್ತಾರಲ್ಲ, ಅವನ್ನು ಅಳತೆ ಅಂತ ತಿಳಿದರೆ ಎಡವುತ್ತೀರಿ. ಹೆಸರು ಅಂತ ತಿಳಿದರೆ ಸರಿ.

ಟೈರಿನ ಪಕ್ಕದಲ್ಲಿರುವ ಸಣ್ಣ ಅಕ್ಷರ

ಯಾವುದೇ ಟೈರಿನ ಪಕ್ಕ ನೋಡಿ. ದೊಡ್ಡದಾಗಿ 29×2.25 ಅಂತ ಇರುತ್ತದೆ. ಅದರ ಹತ್ತಿರವೇ ಚಿಕ್ಕದಾಗಿ 57-622 ಅಂತಲೂ ಇರುತ್ತದೆ. ನಂಬಬೇಕಾದದ್ದು ಈ ಚಿಕ್ಕದನ್ನು. 57 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 622 ಅಂದರೆ ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ.

ನೆನಪಿಡಬೇಕಾದ ಸಂಖ್ಯೆ ಮೂರೇ. 26ಕ್ಕೆ 559, 27.5ಕ್ಕೆ 584, 29ಕ್ಕೆ 622. ತಾತನ ಸೈಕಲ್ಲಿನ 28×1½ ಟೈರಿಗೆ 635.

ಹಾಗಾದರೆ ಇಂಚಿನ ಲೆಕ್ಕ ಎಲ್ಲಿಂದ ಬಂತು? ಟೈರು ಹಾಕಿ, ಗಾಳಿ ತುಂಬಿಸಿದ ಮೇಲೆ ಹೊರಗಿನ ವ್ಯಾಸ ಎಷ್ಟು ಬರುತ್ತದೋ ಅದು. 622ಕ್ಕೆ ಮೇಲೊಂದು 57, ಕೆಳಗೊಂದು 57 ಸೇರಿಸಿ. 736 ಮಿ.ಮೀ., ಅಂದರೆ 29 ಇಂಚು. ತಾತನ ಸೈಕಲ್ಲಿನ ಟೈರು ತೆಳ್ಳಗೆ, ಸುಮಾರು 38 ಮಿ.ಮೀ. ಹಾಗಾಗಿ ರಿಮ್ ದೊಡ್ಡದಾದರೂ ಒಟ್ಟು 711, ಅಂದರೆ 28 ಇಂಚು. ಟೈರಿನ ದಪ್ಪ ಬದಲಾದರೆ ಈ ಇಂಚೂ ಬದಲಾಗುತ್ತದೆ. ಹೆಸರು ಮಾತ್ರ ಹಾಗೇ ಉಳಿಯುತ್ತದೆ.

ಇನ್ನೊಂದು ಸಂಗತಿ ಗಮನಿಸಿ. 27.5 ಅನ್ನುವುದು ಕೇಳಲು 26 ಮತ್ತು 29ರ ನಟ್ಟನಡುವೆ ಇದ್ದಂತಿದೆ, ಅಲ್ವಾ? 559ರಿಂದ 584ಕ್ಕೆ 25 ಮಿ.ಮೀ. 584ರಿಂದ 622ಕ್ಕೆ 38. ನಡುವಿನ ಮಗ ಅಂತ ಹೇಳಿಕೊಂಡರೂ ಅದು ಕಿರಿಯವನ ಪಕ್ಕದಲ್ಲೇ ನಿಂತಿದೆ.

ಈ ಸಣ್ಣ ಅಕ್ಷರ ಓದದೆ ನಾನು ದುಡ್ಡು ಕಳೆದುಕೊಂಡಿದ್ದೇನೆ. ಹಳೇ 26ರ ಬೈಕಿಗೆ ಟೈರು ಬೇಕಿತ್ತು. ಅಂಗಡಿಗೆ ಹೋಗಿ "26 ಟೈರು ಕೊಡಿ" ಅಂದೆ, ಅವರು ಕೊಟ್ಟರು. ಮನೆಗೆ ಬಂದು ಹಾಕಿದರೆ ರಿಮ್ಮಿನ ಮೇಲೆ ಲಗಾಟ ಹೊಡೆಯುತ್ತಿದೆ. ಅದು 26×1⅜, ಲೇಡೀಸ್ ಸೈಕಲ್ಲಿಗೆ ಹಾಕುವ ಟೈರು. ಅದರ ವ್ಯಾಸ 590. ನನಗೆ ಬೇಕಿದ್ದದ್ದು 559. ಎರಡರ ಹೆಸರೂ 26! ತಪ್ಪು ಅಂಗಡಿಯವರದಲ್ಲ, ಕೇಳಿದ ನನ್ನದೇ.

26 ಎಲ್ಲಿಂದ ಬಂತು

ಯಾರೋ ಕೂತು ಲೆಕ್ಕ ಹಾಕಿ 26 ಅಂತ ಗೊತ್ತು ಮಾಡಿದರು ಅಂದುಕೊಂಡಿದ್ದೆ. ಅಂಥದ್ದೇನೂ ಇಲ್ಲ. 1933ರಲ್ಲಿ ಅಮೆರಿಕದ ಶ್ವಿನ್ ಕಂಪನಿ 26 ಇಂಚಿನ ದಪ್ಪ ಬಲೂನ್ ಟೈರಿನ ಸೈಕಲ್ ತಂದಿತು. ಪೇಪರ್ ಹಾಕುವ ಹುಡುಗರು, ಶಾಲೆಗೆ ಹೋಗುವವರು ಓಡಿಸುವಂಥದ್ದು. ನಲವತ್ತು ವರ್ಷದ ಮೇಲೆ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಗುಜರಿಯಿಂದ ಅವನ್ನೇ ಎತ್ತಿಕೊಂಡು ಬಂದು ಗುಡ್ಡದಿಂದ ಇಳಿಸಲು ಶುರು ಮಾಡಿದರು. ಗುಡ್ಡದ ದಾರಿ ತಾಳುವಷ್ಟು ದಪ್ಪ ಟೈರು ಕೈಗೆ ಸಿಗುತ್ತಿದ್ದದ್ದು ಆ ಅಳತೆಯಲ್ಲಿ. ಇದ್ದದ್ದನ್ನು ಬಳಸಿದರು, ಅಷ್ಟೇ.

1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ರೀಪ್ಯಾಕ್ ರೇಸ್ ನಡೆಯಿತು. ಮೂರು ಚಿಲ್ಲರೆ ಕಿಲೋಮೀಟರಿನಲ್ಲಿ ಸುಮಾರು 400 ಮೀಟರ್ ಇಳಿತ. ಬ್ರೇಕು ಹಿಂದಿನ ಚಕ್ರದ ನಡುವಿನ ಹಬ್ (ಗುಂಬ) ಒಳಗೇ ಇರುತ್ತಿತ್ತು. ಇಳಿಯುವಾಗ ಅದು ಎಷ್ಟು ಕಾಯುತ್ತಿತ್ತೆಂದರೆ ಗ್ರೀಸೆಲ್ಲ ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ಗ್ರೀಸ್ ತುಂಬಬೇಕು. ರೀಪ್ಯಾಕ್ ಅನ್ನುವ ಹೆಸರು ಬಂದದ್ದು ಹಾಗೆ. 1977ರಲ್ಲಿ ಜೋ ಬ್ರೀಜ್ ಇದಕ್ಕೆಂದೇ ಹೊಸ ಫ್ರೇಮ್ ಕಟ್ಟಿದರು, 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬೈಕು ಅಂಗಡಿಗೆ ಬಂತು. ಚಕ್ರ ಮಾತ್ರ ಅದೇ 26. ಆಮೇಲೆ ಫೋರ್ಕು (ಮುಂದಿನ ಚಕ್ರ ಹಿಡಿಯುವ ಕವಲು), ರಿಮ್ಮು, ಟೈರು ಎಲ್ಲವೂ ಆ ಅಳತೆಗೇ ತಯಾರಾದವು. ಬೇರೆ ಅಳತೆ ಬೇಕು ಅಂದರೂ ಸಾಮಾನು ಎಲ್ಲಿ ಸಿಗಬೇಕು?

622 ಅಳತೆಯ ರಿಮ್ ರಸ್ತೆ ಸೈಕಲ್ಲುಗಳಲ್ಲಿ ಮೊದಲಿನಿಂದ ಇತ್ತು, 700ಸಿ ಅನ್ನುವ ಹೆಸರಿನಲ್ಲಿ. ಅದಕ್ಕೆ ಗುಡ್ಡಕ್ಕೆ ತಕ್ಕ ದಪ್ಪ ಟೈರು ಬಂದದ್ದು 1999ರಲ್ಲಿ, ಡಬ್ಲ್ಯುಟಿಬಿ ಕಂಪನಿಯ ನ್ಯಾನೋರ‍್ಯಾಪ್ಟರ್. 29ರ ಕಥೆ ನಿಜವಾಗಿ ಶುರುವಾಗುವುದು ಆ ಟೈರಿನಿಂದ. 584 ಕೂಡ ಹೊಸದಲ್ಲ. ಫ್ರಾನ್ಸಿನ ದೂರಪ್ರಯಾಣದ ಸೈಕಲ್ಲುಗಳ 650ಬಿ ಅದು. 2007ರ ಹೊತ್ತಿಗೆ ಅದಕ್ಕೂ ಗುಡ್ಡದ ಟೈರು ಬಂತು.

2012ರ ಲಂಡನ್ ಒಲಿಂಪಿಕ್ಸ್ ನನಗೆ ಬಹಳ ಇಷ್ಟದ ಉದಾಹರಣೆ. ಕ್ರಾಸ್ ಕಂಟ್ರಿ ರೇಸಿನಲ್ಲಿ ಚೆಕ್ ದೇಶದ ಯಾರೋಸ್ಲಾವ್ ಕುಲ್ಹಾವಿ 29ರ ಮೇಲೆ, ಸ್ವಿಟ್ಜರ್ಲೆಂಡಿನ ನಿನೋ ಶುರ್ಟರ್ 27.5ರ ಮೇಲೆ. ಒಂದೂವರೆ ಗಂಟೆ ತುಳಿದ ಮೇಲೆ ಕುಲ್ಹಾವಿ ಒಂದೇ ಸೆಕೆಂಡಿನಿಂದ ಗೆದ್ದರು. ನಾಲ್ಕು ವರ್ಷದ ಮೇಲೆ ರಿಯೋದಲ್ಲಿ ಶುರ್ಟರ್ ಚಿನ್ನ ಗೆದ್ದರು, ಕುಲ್ಹಾವಿಗೆ ಬೆಳ್ಳಿ. ಆಗ ಶುರ್ಟರ್ ಕಾಲಡಿ ಇದ್ದದ್ದೂ 29. ಚಕ್ರದಿಂದಲೇ ಗೆದ್ದರು ಅಂತ ನಾನು ಹೇಳಲಾರೆ. ಆ ಒಂದು ಸೆಕೆಂಡು ಎಷ್ಟು ಚಕ್ರದ್ದು, ಎಷ್ಟು ಕಾಲಿನದು ಅಂತ ಬಿಡಿಸುವುದು ಹೇಗೆ?

ಕಲ್ಲು ಹತ್ತುವ ಲೆಕ್ಕ

ದೊಡ್ಡ ಚಕ್ರ ಕಲ್ಲನ್ನು ಸಲೀಸಾಗಿ ಹತ್ತುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಸಲೀಸು? ಹೈಸ್ಕೂಲಿನ ತ್ರಿಕೋನಮಿತಿ ಸಾಕು. ಚಕ್ರದ ತ್ರಿಜ್ಯದಿಂದ ಕಲ್ಲಿನ ಎತ್ತರ ಕಳೆಯಿರಿ, ತ್ರಿಜ್ಯದಿಂದ ಭಾಗಿಸಿ. ಚಕ್ರದ ನಡುವಿನಿಂದ ನೆಟ್ಟಗೆ ಕೆಳಕ್ಕೊಂದು, ಕಲ್ಲಿನ ಅಂಚಿಗೊಂದು ಗೆರೆ ಎಳೆದರೆ ನಡುವೆ ಒಂದು ಕೋನ ಬರುತ್ತದಲ್ಲ, ಬಂದದ್ದು ಅದರ ಕೊಸೈನ್. ಈ ಕೋನ ದೊಡ್ಡದಾದಷ್ಟೂ ಚಕ್ರಕ್ಕೆ ಕಲ್ಲು ಗೋಡೆಯ ಹಾಗೆ ಕಾಣುತ್ತದೆ.

2.25ರ ಟೈರು, 5 ಸೆಂ.ಮೀ. ಎತ್ತರದ ಚೂಪು ಅಂಚಿನ ಕಲ್ಲು ಅಂತ ಇಟ್ಟುಕೊಳ್ಳಿ. 26ಕ್ಕೆ ಕೋನ 31.6 ಡಿಗ್ರಿ. 27.5ಕ್ಕೆ 31. 29ಕ್ಕೆ 30.2. ಕಲ್ಲು 10 ಸೆಂ.ಮೀ. ಆದರೆ ಕ್ರಮವಾಗಿ 45.4, 44.5, 43.3.

ಇಷ್ಟೇನಾ? ನನಗೂ ಹಾಗೇ ಅನ್ನಿಸಿತು. 26ರಿಂದ 29ಕ್ಕೆ ಹೋದರೂ ವ್ಯತ್ಯಾಸ ಹೆಚ್ಚೆಂದರೆ ಎರಡು ಡಿಗ್ರಿ ಚಿಲ್ಲರೆ. ಆದರೆ ಇದು ಒಂದು ಕಲ್ಲಿನ ಲೆಕ್ಕ. ಬೆಂಗಳೂರಿನ ತುರಹಳ್ಳಿ ಗುಡ್ಡದಲ್ಲಿ ಒಂದು ಸುತ್ತು ಹೊಡೆದರೆ ಇಂಥ ಕಲ್ಲು ನೂರಾರು. ಪ್ರತಿಯೊಂದೂ ಸ್ವಲ್ಪ ಸ್ವಲ್ಪ ವೇಗ ತಿನ್ನುತ್ತದೆ. ಜೊತೆಗೆ ದೊಡ್ಡ ಚಕ್ರ ಸಣ್ಣ ಗುಂಡಿಯೊಳಗೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ನೆಲಕ್ಕೆ ತಾಗುವ ಟೈರಿನ ಭಾಗವೂ ಕೊಂಚ ಉದ್ದ, ಅದರಿಂದ ಸಡಿಲ ಮಣ್ಣಿನ ಏರಿನಲ್ಲಿ ಹಿಡಿತ ಸ್ವಲ್ಪ ಜಾಸ್ತಿ. ಲಾಭ ನಿಜ, ಮಾಯಾಜಾಲ ಅಲ್ಲ.

"29 ಎಳೆಯಲು ಭಾರ" ಅನ್ನುವ ಮಾತು

ಈ ಭಾಗದಲ್ಲಿ ಸ್ವಲ್ಪ ನಿಧಾನಿಸಿ. ತುಂಬ ಜನ ತಪ್ಪು ಹೇಳುವುದು ಇಲ್ಲೇ, ನಾನೂ ಹೇಳುತ್ತಿದ್ದೆ.

ವಾದ ಹೀಗೆ: ಚಕ್ರದ ತೂಕ ನಡುವಿನಿಂದ ದೂರ ಹೋದಷ್ಟೂ ತಿರುಗಿಸುವುದು ಕಷ್ಟ, ಅದೂ ದೂರದ ವರ್ಗದಂತೆ ಏರುತ್ತದೆ, ಆದ್ದರಿಂದ 29 ಮಂದ. ಮೊದಲರ್ಧ ಸರಿ. ಆದರೆ ಅದೇ ವೇಗದಲ್ಲಿ ಹೋಗುವಾಗ ದೊಡ್ಡ ಚಕ್ರ ನಿಧಾನವಾಗಿ ತಿರುಗುತ್ತದಲ್ಲ, ಅದನ್ನು ಮರೆತಿದ್ದೇವೆ. ಲೆಕ್ಕ ಬಿಡಿಸಿದರೆ ತ್ರಿಜ್ಯ ಮೇಲೂ ಕೆಳಗೂ ಹೊಡೆದುಹೋಗುತ್ತದೆ. ಉಳಿಯುವುದು ತೂಕ ಮಾತ್ರ. ರಿಮ್ಮು ಟೈರಿನಲ್ಲಿರುವ 100 ಗ್ರಾಂ, ವೇಗ ಹೆಚ್ಚಿಸುವಾಗ 200 ಗ್ರಾಮಿನಂತೆ ಎಳೆಯುತ್ತದೆ. ಅದು 26 ಆದರೂ ಅಷ್ಟೇ, 29 ಆದರೂ ಅಷ್ಟೇ.

ಹಾಗಾಗಿ ದೊಡ್ಡ ಚಕ್ರದ ದಂಡ ಅಂದರೆ ಅದಕ್ಕೆ ಹಿಡಿಯುವ ಹೆಚ್ಚಿನ ರಬ್ಬರು, ಅಲ್ಯೂಮಿನಿಯಂ ಮತ್ತು ಉದ್ದದ ಕಡ್ಡಿಗಳು. ಒಂದೊಂದು ಚಕ್ರಕ್ಕೆ 150 ಗ್ರಾಂ ಹೆಚ್ಚು ಅಂತ ಇಟ್ಟುಕೊಂಡರೂ ಎರಡಕ್ಕೆ 300, ಎರಡರಿಂದ ಗುಣಿಸಿದರೆ 600. ಸವಾರ, ಸೈಕಲ್ ಸೇರಿ 85 ಕೆ.ಜಿ. ಇದ್ದರೆ ಇದು ಶೇ. 1 ಕೂಡ ಅಲ್ಲ. ಬೆಳಿಗ್ಗೆ ಒಂದು ಬಾಟಲಿ ನೀರು ಜಾಸ್ತಿ ಹೊತ್ತ ಹಾಗೆ.

ಮತ್ತೆ ಓಡಿಸಿದವರಿಗೆ ಭಾರ ಅನ್ನಿಸುವುದು ಸುಳ್ಳಾ? ಅಲ್ಲ. ಅದಕ್ಕೆ ಎರಡು ಕಾರಣ. ಒಂದು, ಬೈಕನ್ನು ಎಡಕ್ಕೆ ಬಲಕ್ಕೆ ವಾಲಿಸುವಾಗ ತ್ರಿಜ್ಯ ಹೊಡೆದುಹೋಗುವುದಿಲ್ಲ. ತಿರುಗುತ್ತಿರುವ ಬುಗುರಿಯನ್ನು ವಾಲಿಸಲು ಹೋದರೆ ಅದು ಸೆಟೆದು ನಿಲ್ಲುತ್ತದಲ್ಲ, ಹಾಗೆ. 27.5ಕ್ಕೆ ಹೋಲಿಸಿದರೆ 29ರಲ್ಲಿ ಈ ಸೆಟೆತ ಸುಮಾರು ಶೇ. 10 ಜಾಸ್ತಿ. ಸಕಲೇಶಪುರದ ಕಾಫಿ ತೋಟದ ಗಿಡಗಳ ನಡುವೆ ಪದೇ ಪದೇ ತಿರುಗಿಸುವಾಗ ಇದು ಕೈಗೆ ಗೊತ್ತಾಗುತ್ತದೆ. ನೇರ ಇಳಿಜಾರಿನಲ್ಲಿ ಇದೇ ಗುಣ ಧೈರ್ಯ ಕೊಡುತ್ತದೆ.

ಎರಡನೆಯ ಕಾರಣ ಗೇರು. ಇದನ್ನು ಯಾರೂ ಹೇಳುವುದೇ ಇಲ್ಲ. ಮುಂದೆ 32 ಹಲ್ಲು, ಹಿಂದೆ 51 ಹಲ್ಲಿನ ಅತಿ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತು ಹಾಕಿದರೆ 27.5ರ ಬೈಕು 1.38 ಮೀಟರ್ ಹೋಗುತ್ತದೆ, 29ರದು 1.45 ಮೀಟರ್. ಅಂದರೆ ಹಲ್ಲು ಅಷ್ಟೇ ಇದ್ದರೂ 29ರಲ್ಲಿ ನೀವು ಶೇ. 5ರಷ್ಟು ಗಟ್ಟಿ ಗೇರು ತುಳಿಯುತ್ತಿದ್ದೀರಿ. ಏರಿನಲ್ಲಿ ತೊಡೆ ಉರಿಯದೆ ಇರುತ್ತದಾ! ಮುಂದಿನ ಹಲ್ಲಿನ ತಟ್ಟೆ 32ರ ಬದಲು 30 ಹಾಕಿಸಿ, 1.36 ಮೀಟರಿಗೆ ಬರುತ್ತದೆ. ಚಕ್ರವನ್ನು ಬೈಯುವ ಮೊದಲು ಹಲ್ಲು ಎಣಿಸಿ.

ನಿಮ್ಮ ಎತ್ತರ

ನನ್ನ ಪ್ರಕಾರ ಚಕ್ರ ಆರಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ. ಐದಡಿ ಮೂರಿಂಚಿಗಿಂತ ಕಡಿಮೆ ಇರುವವರಿಗೆ 29ರ ಫ್ರೇಮ್ ಕಟ್ಟುವುದು ಕಂಪನಿಗೂ ಕಷ್ಟ. ಮುಂದಿನ ಚಕ್ರ ಎತ್ತರವಾದಷ್ಟೂ ಹ್ಯಾಂಡಲ್ ಮೇಲೆ ಹೋಗುತ್ತದೆ. ಹ್ಯಾಂಡಲ್ ತಿರುಗಿಸಿದರೆ ಬೂಟಿನ ತುದಿ ಟೈರಿಗೆ ತಾಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಸೀಟಿನ ಹಿಂದಕ್ಕೆ ಸರಿದರೆ ಹಿಂದಿನ ಟೈರು ಕುಂಡೆಗೆ ಉಜ್ಜುತ್ತದೆ. ನಗಬೇಡಿ, ಪ್ಯಾಂಟು ಹರಿದವರನ್ನು ನೋಡಿದ್ದೇನೆ.

ಟ್ರೆಕ್ ಕಂಪನಿ ತನ್ನ ಮಾರ್ಲಿನ್ ಬೈಕಿನ ಚಿಕ್ಕ ಫ್ರೇಮುಗಳಿಗೆ 27.5, ದೊಡ್ಡವಕ್ಕೆ 29 ಹಾಕಿದ್ದು ಇದಕ್ಕೇ. ನಾನು ಇಟ್ಟುಕೊಂಡಿರುವ ಅಂದಾಜು ಹೀಗಿದೆ: ಐದಡಿ ಮೂರಿಂಚಿಗಿಂತ ಕಡಿಮೆ ಇದ್ದರೆ 27.5 ಕಣ್ಣು ಮುಚ್ಚಿ. ಐದಡಿ ಏಳಿಂಚಿನ ಮೇಲಿದ್ದರೆ 29. ನಡುವೆ ಇರುವವರು ಎರಡನ್ನೂ ಹತ್ತಿ ನೋಡಲೇಬೇಕು. ಅಂಗಡಿಯ ಮುಂದಿನ ಡಾಂಬರು ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಫುಟ್‌ಪಾತ್ ಅಂಚು ಹತ್ತಿಸಿ, ಕಿರಿದಾಗಿ ಎಂಟರ ಆಕಾರದಲ್ಲಿ ತಿರುಗಿಸಿ, ಪೆಡಲ್ ಮೇಲೆ ನಿಂತು ಹಿಂದಕ್ಕೆ ಸರಿದು ನೋಡಿ.

ಮುಂದೆ 29, ಹಿಂದೆ 27.5 ಇರುವ ಬೈಕುಗಳೂ ಇವೆ. ಮಲೆಟ್ ಅಂತ ಕರೆಯುತ್ತಾರೆ. ಮುಂದಿನ ದೊಡ್ಡ ಚಕ್ರ ಕಲ್ಲು ಹತ್ತುತ್ತದೆ, ಹಿಂದಿನ ಚಿಕ್ಕ ಚಕ್ರ ತಿರುವಿನಲ್ಲಿ ಬೇಗ ತಿರುಗುತ್ತದೆ, ಕುಂಡೆಗೂ ಜಾಗ ಸಿಗುತ್ತದೆ. ಯುಸಿಐ (ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ರೇಸುಗಳಲ್ಲಿ ಎರಡೂ ಚಕ್ರ ಒಂದೇ ಅಳತೆಯವಾಗಿರಬೇಕು ಅನ್ನುವ ನಿಯಮ ಇತ್ತು. 2019ರಲ್ಲಿ ಮೌಂಟನ್ ಬೈಕಿಗೆ ಅದನ್ನು ತೆಗೆದ ಮೇಲೆ ಡೌನ್‌ಹಿಲ್ (ಬರೀ ಇಳಿಜಾರಿನ ರೇಸಿನ) ಸವಾರರು ಇದರ ಕಡೆ ತಿರುಗಿದರು. ಮೊದಲ ಬೈಕು ಕೊಳ್ಳುವವರಿಗೆ ಇದು ಬೇಡ. ಎರಡು ಅಳತೆಯ ಟ್ಯೂಬು ಹೊತ್ತು ತಿರುಗುವ ಗೋಳು ಯಾಕೆ?

ಟೈರಿನ ಅಗಲ, ಗಾಳಿ

27.5ರ ರಿಮ್ಮಿಗೆ 3 ಇಂಚಿನ ದಪ್ಪ ಟೈರು ಹಾಕಿ ಲೆಕ್ಕ ಮಾಡಿ. 584ಕ್ಕೆ 76 ಎರಡು ಸಲ ಸೇರಿಸಿದರೆ 736. ಅಯ್ಯೋ, ಇದು 29×2.25ರ ವ್ಯಾಸವೇ! ಪ್ಲಸ್ ಟೈರಿನ ಬೈಕುಗಳ ಗುಟ್ಟು ಇದು. ಹೊರಗಿನ ಅಳತೆ 29ರದ್ದು, ಜೊತೆಗೆ ದಪ್ಪ ಟೈರಿನ ಮೆತ್ತಗಿನ ಗಾಳಿ. ಆದರೆ ಇರುವ ಫ್ರೇಮಿನಲ್ಲಿ ಅಷ್ಟು ದಪ್ಪ ಟೈರು ತೂರುತ್ತದಾ ಅಂತ ಮೊದಲು ನೋಡಿಕೊಳ್ಳಿ.

ಗಾಳಿಯ ವಿಷಯಕ್ಕೆ ಬಂದರೆ, ಕಲ್ಲು ದಾರಿಯಲ್ಲಿ 45 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಬಿಗಿಯಾಗಿ ಹೊಡೆಸಿದ 29ಕ್ಕಿಂತ 28 ಪಿಎಸ್ಐ ಇರುವ 27.5 ಹಿತವಾಗಿ ಓಡುತ್ತದೆ. ಇದು ನಾನೇ ಮಾಡಿ ನೋಡಿದ್ದು. ಟ್ಯೂಬು ಇರುವ ಟೈರಿನಲ್ಲಿ ತೀರಾ ಇಳಿಸಬೇಡಿ, ರಿಮ್ಮು ಕಲ್ಲಿಗೆ ಬಡಿದು ಟ್ಯೂಬು ಎರಡು ಕಡೆ ಹಾವು ಕಚ್ಚಿದ ಹಾಗೆ ತೂತಾಗುತ್ತದೆ.

ಹಳೇ 26 ಇದ್ದವರಿಗೆ

ಬಿಸಾಕಬೇಡಿ. ಸಣ್ಣ ಊರಿನ ಸೈಕಲ್ ಶಾಪಿನಲ್ಲೂ ಅದರ ಟ್ಯೂಬು ಸಿಗುತ್ತದೆ, ಚಿಕ್ಕ ಕಡ್ಡಿಗಳ ಚಕ್ರ ಗಟ್ಟಿಮುಟ್ಟು, ಎಗರಿಸಿ ಆಡುವವರಿಗೆ ಈಗಲೂ ಅದೇ ಇಷ್ಟ. ಆದರೆ ಒಳ್ಳೆಯ ಹಿಡಿತದ ಟೈರು, ಒಳ್ಳೆಯ ಫೋರ್ಕು 26ರಲ್ಲಿ ಸಿಗುವುದು ಕಡಿಮೆಯಾಗುತ್ತಿದೆ. ಹಾಗಾಗಿ ಹೊಸದಾಗಿ ದುಡ್ಡು ಹಾಕುವವರಿಗೆ ನಾನು 26 ಹೇಳುವುದಿಲ್ಲ. ಅದೇ ಫ್ರೇಮಿಗೆ 27.5ರ ಚಕ್ರ ತೂರಿಸುವ ಆಸೆಯೂ ಬೇಡ. ರಿಮ್ ಬ್ರೇಕ್ ಇದ್ದರೆ ಪ್ಯಾಡು ಹೊಸ ರಿಮ್ಮಿಗೆ ಎಟುಕುವುದಿಲ್ಲ. ಡಿಸ್ಕ್ ಇದ್ದರೂ ಕೆಸರು ಮೆತ್ತಿದಾಗ ಫೋರ್ಕಿಗೆ ಕಚ್ಚಿಕೊಳ್ಳುತ್ತದೆ.

ಮನೆಯಲ್ಲಿ ಒಂದು ಅಳತೆ ತೆಗೆಯಿರಿ. ಟೈರಿನ ಮೇಲೆ ಸೀಮೆಸುಣ್ಣದಿಂದ ಗೀಟು ಹಾಕಿ, ಅದೇ ಜಾಗದಲ್ಲಿ ನೆಲದ ಮೇಲೂ ಹಾಕಿ. ಸೀಟಿನ ಮೇಲೆ ಕೂತು ಒಂದು ಸುತ್ತು ಉರುಳಿಸಿ, ಟೇಪಿನಿಂದ ಅಳೆಯಿರಿ. ನನ್ನ 29ಕ್ಕೆ ಪುಸ್ತಕದ ಲೆಕ್ಕ 2.31 ಮೀಟರ್, ಉರುಳಿಸಿದಾಗ ಬಂದದ್ದು 2.28. ನನ್ನ ತೂಕಕ್ಕೆ ಟೈರು ಅಷ್ಟು ಕುಗ್ಗಿದೆ. ಸ್ಪೀಡೋಮೀಟರಿಗೆ ಹಾಕಬೇಕಾದದ್ದು ಈ ಎರಡನೆಯ ಸಂಖ್ಯೆಯನ್ನು.