ಪೆಡಲ್ ತುಳಿದರೂ ಕ್ಲಚ್ ಬಿಡದಿದ್ದಾಗ

ಸಣ್ಣ ಟ್ರ್ಯಾಕ್ಟರ್‌ನ ಕ್ಲಚ್ ಪೆಡಲನ್ನು ಪೂರ್ತಿ ತುಳಿದಿದ್ದೀರಿ. ಆದರೂ ಗೇರ್ ಹಾಕಲು ಹೋದರೆ ಕರಕರ ಸದ್ದು. ಎಂಜಿನ್ ಆರಿಸಿ ನೋಡಿದರೆ ಅದೇ ಗೇರ್ ಸಲೀಸಾಗಿ ಬೀಳುತ್ತದೆ. ಹಾಗಾದರೆ ಗೇರ್‌ಬಾಕ್ಸ್ ಮೇಲೆ ಅನುಮಾನ ಬೇಡ, ಕ್ಲಚ್ ಬಿಡುತ್ತಿಲ್ಲ. ಇದು ಕ್ಲಚ್ ಜಾರುವ ತೊಂದರೆಗೆ ಪೂರ್ತಿ ಉಲ್ಟಾ. ಅಲ್ಲಿ ಎಂಜಿನ್ ಎಷ್ಟು ಓಡಿದರೂ ಗಾಡಿ ಎಳೆಯುವುದಿಲ್ಲ. ಇಲ್ಲಿ ಎಳೆಯುವುದನ್ನು ನಿಲ್ಲಿಸುವುದೇ ಇಲ್ಲ.

ಇಂಥ ಹೊತ್ತಲ್ಲಿ ಬಹಳ ಜನ ನೇರವಾಗಿ ಟ್ರ್ಯಾಕ್ಟರನ್ನು ಎರಡು ಭಾಗ ಮಾಡಿ ಕ್ಲಚ್ ಪ್ಲೇಟ್ ಬದಲಿಸಲು ಹೊರಡುತ್ತಾರೆ. ಅಷ್ಟು ಆತುರ ಬೇಡ. ಎಷ್ಟೋ ಸಲ ತೊಂದರೆ ಹೊರಗೇ ಇರುತ್ತದೆ.

ಯಾಕೆ ಅನ್ನುವುದು ಒಳಗಿನ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಎಂಜಿನ್ ಜೊತೆ ತಿರುಗುವ ಫ್ಲೈವೀಲ್‌ಗೂ ಪ್ರೆಶರ್ ಪ್ಲೇಟ್‌ಗೂ ನಡುವೆ, ಗೇರ್‌ಬಾಕ್ಸಿಗೆ ಹೋಗುವ ಶಾಫ್ಟಿನ ಮೇಲೆ ಕ್ಲಚ್ ಪ್ಲೇಟ್ ಇರುತ್ತದೆ. ಸ್ಪ್ರಿಂಗ್‌ಗಳು ಮೂರನ್ನೂ ಒತ್ತಿ ಹಿಡಿದಿರುತ್ತವೆ. ಪೆಡಲ್ ತುಳಿದರೆ ರಾಡ್ ಫೋರ್ಕನ್ನು ತಿರುಗಿಸುತ್ತದೆ, ಫೋರ್ಕ್ ಬೇರಿಂಗನ್ನು ತಳ್ಳುತ್ತದೆ, ಬೇರಿಂಗ್ ಪ್ರೆಶರ್ ಪ್ಲೇಟಿನ ಸಣ್ಣ ಲಿವರ್‌ಗಳಾದ ಫಿಂಗರ್‌ಗಳನ್ನು ಒತ್ತುತ್ತದೆ, ಆಗ ಪ್ರೆಶರ್ ಪ್ಲೇಟ್ ಹಿಂದೆ ಸರಿಯುತ್ತದೆ. ಗಟ್ಟಿ ಸ್ಪ್ರಿಂಗನ್ನು ಕಾಲಿನ ಬಲಕ್ಕೆ ಬಗ್ಗಿಸಬೇಕಲ್ವಾ? ಅದಕ್ಕೆ ಲಿವರ್‌ಗಳು ಬಲವನ್ನು ಹೆಚ್ಚಿಸುತ್ತವೆ, ಬದಲಿಗೆ ಚಲನೆಯನ್ನು ಕಡಿಮೆ ಮಾಡುತ್ತವೆ. ಲೆಕ್ಕಕ್ಕೆ, ಬಲ 50 ಪಟ್ಟು ಹೆಚ್ಚುತ್ತದೆ ಅಂದುಕೊಳ್ಳಿ. ಪೆಡಲ್ 100 ಮಿ.ಮೀ. ಇಳಿದರೆ ಪ್ರೆಶರ್ ಪ್ಲೇಟ್ ಸರಿಯುವುದು ಬರೀ 2 ಮಿ.ಮೀ. ಬೇರಿಂಗ್ ಫಿಂಗರ್‌ಗೆ ತಾಗುವ ಮುಂಚಿನ ಖಾಲಿ ಚಲನೆಗೆ, ಅಂದರೆ ಫ್ರೀ ಪ್ಲೇಗೆ, 25 ಮಿ.ಮೀ. ಹೋದರೆ ಉಳಿಯುವುದು 1.5 ಮಿ.ಮೀ. ಅದನ್ನೂ ಪ್ಲೇಟಿನ ಎರಡು ಬದಿ ಹಂಚಿಕೊಳ್ಳಬೇಕು. ಇನ್ನು ಸವೆದ ಪಿನ್ನು, ಅಗಲವಾದ ತೂತು, ಬಗ್ಗಿದ ರಾಡ್ ಸೇರಿ ಪೆಡಲಿನ ಇನ್ನೊಂದು 40 ಮಿ.ಮೀ. ತಿಂದರೆ ಒಂದೊಂದು ಬದಿಗೆ ಸಿಗುವುದು 0.35 ಮಿ.ಮೀ. ಪ್ಲೇಟ್ ಸ್ವಲ್ಪ ಸೊಟ್ಟಗಿದ್ದರೂ ಸಾಕು, ಅದು ಫ್ಲೈವೀಲ್‌ಗೆ ತಾಗುತ್ತಲೇ ಇರುತ್ತದೆ.

ಹಾಗಾಗಿ ಹುಡುಕಬೇಕಾದದ್ದು ಕಳೆದುಹೋದ ಚಲನೆಯನ್ನು. ಎಂಜಿನ್ ಆರಿಸಿ, ಕೀ ತೆಗೆದು, ಚಕ್ರಗಳಿಗೆ ಅಡ್ಡ ಕೊಡಿ. ಒಬ್ಬರು ನಿಧಾನಕ್ಕೆ ಪೆಡಲ್ ತುಳಿಯಲಿ, ಇನ್ನೊಬ್ಬರು ರಾಡಿನ ಉದ್ದಕ್ಕೂ ಒಂದೊಂದೇ ಕೀಲನ್ನು ನೋಡಲಿ. ಪೆಡಲ್ ಹೊರಟ ಎಷ್ಟೋ ಹೊತ್ತಿಗೆ ಕ್ಲಚ್ ಹೌಸಿಂಗ್‌ನ ಪಕ್ಕದಲ್ಲಿ ಫೋರ್ಕನ್ನು ತಿರುಗಿಸುವ ಆರ್ಮ್ ಅಲುಗಿದರೆ ತೊಂದರೆ ಇವೆರಡರ ನಡುವೆಯೇ ಇದೆ. ಪಿನ್ ಬದಲಿಸಿ, ಆಮೇಲೆ ಫ್ರೀ ಪ್ಲೇಯನ್ನು ಕೈಪಿಡಿ ಹೇಳಿದಷ್ಟಕ್ಕೆ ತನ್ನಿ. ಫ್ರೀ ಪ್ಲೇ ಪೂರ್ತಿ ತೆಗೆದು ಕ್ಲಚ್ ಬಿಡುವಂತೆ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೇರಿಂಗ್ ಸದಾ ಫಿಂಗರ್‌ಗೆ ಒತ್ತಿಕೊಂಡು ಬೇಗ ಹಾಳಾಗುತ್ತದೆ, ಕ್ಲಚ್ ಜಾರಲು ಶುರುವಾಗುತ್ತದೆ.

ಆರ್ಮ್ ಪೂರ್ತಿ ತಿರುಗಿಯೂ ಕ್ಲಚ್ ಬಿಡದಿದ್ದರೆ ಕೈಗೆ ಸಿಗುವ ಬಿಗಿ ಗಮನಿಸಿ. ಸ್ಪ್ರಿಂಗಿನ ಬಿಗಿಯೇ ಇಲ್ಲದೆ ಸುಮ್ನೆ ತಿರುಗಿದರೆ ಫೋರ್ಕ್ ತನ್ನ ಶಾಫ್ಟ್ ಮೇಲೆ ಸಡಿಲವಾಗಿರಬಹುದು, ಇಲ್ಲವೇ ಮುರಿದಿರಬಹುದು. ಬಿಗಿ ಸರಿಯಾಗಿದ್ದು, ಟ್ರ್ಯಾಕ್ಟರ್ ತಿಂಗಳುಗಟ್ಟಲೆ ತೇವದಲ್ಲಿ ನಿಂತಿದ್ದರೆ ನನ್ನ ಮೊದಲ ಅನುಮಾನ ತುಕ್ಕಿನ ಮೇಲೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಫ್ಲೈವೀಲ್ ಮೇಲೆ ಬೆಳೆದ ತುಕ್ಕು ಕ್ಲಚ್ ಪ್ಲೇಟಿನ ಮೈಗೆ ಹೊದಿಸಿದ ಲೈನಿಂಗಿನ ಸಣ್ಣ ಸಣ್ಣ ತೂತುಗಳಿಗೆ ಇಳಿದು ಗೋಂದಿನಂತೆ ಅಂಟಿಸಿಬಿಡುತ್ತದೆ. ಪ್ರೆಶರ್ ಪ್ಲೇಟ್ ಹಿಂದೆ ಸರಿದರೂ ಕ್ಲಚ್ ಪ್ಲೇಟ್ ಫ್ಲೈವೀಲನ್ನು ಬಿಡುವುದಿಲ್ಲ.

ಮೊದಲು ಪೆಡಲನ್ನು ಮರದ ತುಂಡಿನಿಂದ ಒತ್ತಿಟ್ಟು ಒಂದು ರಾತ್ರಿ ಬಿಡಿ. ಬಿಡದಿದ್ದರೆ ಎಂಜಿನ್ ಚೆನ್ನಾಗಿ ಬಿಸಿ ಮಾಡಿ ಆರಿಸಿ, ವಿಶಾಲವಾದ ಬಯಲಲ್ಲಿ ಗೇರಿನಲ್ಲೇ ಸ್ಟಾರ್ಟ್ ಮಾಡಿ, ಪೆಡಲ್ ತುಳಿದೇ ಇಟ್ಟು ಓಡಿಸುತ್ತಾ ಆಕ್ಸಿಲರೇಟರ್ ಏರಿಳಿಸಿ, ನಡುನಡುವೆ ಬ್ರೇಕ್ ಹಿಡಿಯುವ ರೂಢಿ ಇದೆ. ಸ್ಟಾರ್ಟ್ ಆದ ಕ್ಷಣವೇ ಗಾಡಿ ಮುನ್ನುಗ್ಗುತ್ತದೆ. ಬ್ರೇಕ್ ಗಟ್ಟಿಯಾಗಿರಬೇಕು, ಎಂಜಿನ್ ಆರಿಸುವ ಗುಂಡಿ ಕೈಗೆಟಕಬೇಕು, ಹಿಂದೆ ಮುಂದೆ ಯಾರೂ ಇರಬಾರದು. ಇಷ್ಟು ಜಾಗ ಇಲ್ಲದಿದ್ದರೆ ಇದಕ್ಕೆ ಕೈಹಾಕಬೇಡಿ.

ಹುಲ್ಲು ಕತ್ತರಿಸುವ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಎಷ್ಟೋ ಸಲ ಪ್ಲೇಟೇ ಇರುವುದಿಲ್ಲ, ಬೆಲ್ಟ್ ಸಡಿಲಿಸುವುದೇ ಕ್ಲಚ್. ಅಲ್ಲಿ ಪುಲ್ಲಿ ಪಕ್ಕದ ತಂತಿಯ ಗೈಡ್‌ಗಳನ್ನು ನೋಡಿ. ಸಡಿಲಾದ ಬೆಲ್ಟನ್ನು ಎಂಜಿನ್ ಪುಲ್ಲಿಯಿಂದ ಬಿಡಿಸಿ ಹಿಡಿಯುವುದು ಅವುಗಳ ಕೆಲಸ. ಅವು ಬಗ್ಗಿದ್ದರೆ, ಇಲ್ಲವೇ ಅಳತೆ ತಪ್ಪಿದ ಗಿಡ್ಡ ಬೆಲ್ಟ್ ಹಾಕಿದ್ದರೆ, ಪೆಡಲ್ ತುಳಿದ ಮೇಲೂ ಬೆಲ್ಟ್ ತಿರುಗುತ್ತಲೇ ಇರುತ್ತದೆ.

ಇದ್ಯಾವುದೂ ಅಲ್ಲದಿದ್ದರೆ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಪ್ಲೇಟ್ ಒಂದನ್ನೇ ನೋಡಿ ಮುಗಿಸಬೇಡಿ. ಅದು ಶಾಫ್ಟಿನ ಹಲ್ಲುಗಳ ಮೇಲೆ ಸಲೀಸಾಗಿ ಜಾರಬೇಕು, ಫಿಂಗರ್‌ಗಳ ಎತ್ತರ ಒಂದೇ ಇರಬೇಕು, ಫ್ಲೈವೀಲ್ ನಡುವೆ ಶಾಫ್ಟಿನ ತುದಿಯನ್ನು ಹಿಡಿಯುವ ಪೈಲಟ್ ಬೇರಿಂಗ್ ಬಿಗಿದಿರಬಾರದು. ಬಿಗಿದರೆ ಪ್ಲೇಟ್ ಬಿಟ್ಟರೂ ಶಾಫ್ಟನ್ನು ಆ ಬೇರಿಂಗೇ ತಿರುಗಿಸುತ್ತದೆ. ಒಳಗಿನ ಧೂಳನ್ನು ಮಾತ್ರ ಗಾಳಿ ಊದಿ ಹಾರಿಸಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ನಾರು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರಬಹುದು. ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.