ಗಾಳಿಯನ್ನೇ ತೂರುವ ಕೆಲಸ

ಹನಿ ಬೀಳತೊಡಗಿದ ಹೊತ್ತಿನಲ್ಲಿ ಕೋಲಾರಮ್ಮ ಕೆರೆಯ ಏರಿಯ ಮೇಲೆ ನಿಂತು ನೀರನ್ನು ನೋಡಿದರೆ, ಅದುವರೆಗೆ ಗಾಳಿಗೆ ಅಡ್ಡವಾಗಿ ಸಾಲುಸಾಲಾಗಿ ಎದ್ದು ಬರುತ್ತಿದ್ದ ಕಿರುಅಲೆಗಳು ನೋಡನೋಡುತ್ತಲೇ ಚದುರಿ, ನೀರಿನ ಮೈಯೆಲ್ಲ ಬಳೆಬಳೆಯಾಗುವುದು ಕಾಣುತ್ತದೆ. ಮಳೆಗೆ ಮೊದಲು ಗಾಳಿ ಎತ್ತಣಿಂದ, ಎಷ್ಟು ಜೋರಾಗಿ ಬೀಸುತ್ತಿದೆ ಎಂಬುದನ್ನು ನೀರು ನೋಡಿಯೇ ಅಂದಾಜು ಮಾಡಬಹುದಿತ್ತು. ಮಳೆ ಬಿದ್ದ ಮೇಲೆ ಆ ಅಂದಾಜಿಗೆ ಆಧಾರವೇ ಉಳಿಯುವುದಿಲ್ಲ. ಸಮುದ್ರದ ಮೇಲಿನ ಗಾಳಿಯನ್ನು ಬಾಹ್ಯಾಕಾಶದಿಂದ ಅಳೆಯುವ ಉಪಗ್ರಹಗಳ ಸಂಕಟವೂ ಬಹುಮಟ್ಟಿಗೆ ಇದೇ.

ಸಮುದ್ರದ ಗಾಳಿಯ ಗೊಡವೆ ಕೋಲಾರದವರಿಗೇಕೆ ಎಂದು ಕೇಳಬಹುದು. 2021ರ ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ತಂದ ಮಳೆಗೆ ಇಲ್ಲಿಯ ಕೆರೆಗಳು ಕೋಡಿ ಹರಿದದ್ದನ್ನೂ, ಕೊಯ್ಲಿಗೆ ಬಂದ ರಾಗಿ ನೆನೆದು ಹಾಳಾದದ್ದನ್ನೂ ಕಂಡವರು ಆ ಪ್ರಶ್ನೆಯನ್ನು ಕೇಳಲಾರರು. ಕೊಲ್ಲಿಯ ಮೇಲಿನ ಕುಸಿತವೊಂದು ಚಂಡಮಾರುತವೆನಿಸಿಕೊಳ್ಳಲು ಅದರ ಗಾಳಿಯ ವೇಗ 34 ನಾಟ್, ಅಂದರೆ ಗಂಟೆಗೆ ಸುಮಾರು 63 ಕಿಲೋಮೀಟರ್ ಮುಟ್ಟಬೇಕು. ಹಡಗುಗಳು ದೂರ ಸರಿದುಹೋದ ನಡುಸಮುದ್ರದಲ್ಲಿ ಆ ವೇಗವನ್ನು ಅಂದಾಜು ಮಾಡುವ ಭಾರ ಹೆಚ್ಚಾಗಿ ಉಪಗ್ರಹಗಳ ಮೇಲೆಯೇ ಬೀಳುತ್ತದೆ.

ಈ ಕೆಲಸದ ಉಪಕರಣಕ್ಕೆ ಸ್ಕ್ಯಾಟರೋಮೀಟರ್ ಎಂದು ಹೆಸರು. ಇಸ್ರೋ 2009ರ ಸೆಪ್ಟೆಂಬರ್ 23ರಂದು ಹಾರಿಸಿದ ಓಷನ್‌ಸ್ಯಾಟ್-2, 2016ರ ಸ್ಕ್ಯಾಟ್‌ಸ್ಯಾಟ್-1 ಮತ್ತು 2022ರ ಓಷನ್‌ಸ್ಯಾಟ್-3 ಇದನ್ನು ಹೊತ್ತು ಹೋದವು. ಓಷನ್‌ಸ್ಯಾಟ್-2ರಲ್ಲಿ ಒಂದು ಮೀಟರ್ ಅಗಲದ ಡಿಶ್ ಆಂಟೆನಾ ನಿಮಿಷಕ್ಕೆ ಸುಮಾರು 20 ಸುತ್ತು ತಿರುಗುತ್ತ, 720 ಕಿಲೋಮೀಟರ್ ಎತ್ತರದಿಂದ 13.5 ಗಿಗಾಹರ್ಟ್ಸ್‌ನ ರೇಡಾರ್ ತರಂಗಗಳನ್ನು ಸಮುದ್ರಕ್ಕೆ ಓರೆಯಾಗಿ ಕಳುಹಿಸಿ, ಹಿಂದಿರುಗಿದ ಅಂಶವನ್ನು ಅಳೆಯುತ್ತಿತ್ತು. ಆ ತರಂಗದ ಉದ್ದ ಸುಮಾರು 2.2 ಸೆಂಟಿಮೀಟರ್. ಅದಕ್ಕೆ ಸರಿಹೊಂದಿ ಪ್ರತಿಧ್ವನಿ ಕೊಡುವುದು ಹಡಗನ್ನು ಅಲುಗಾಡಿಸುವ ಹೆದ್ದೆರೆಯಲ್ಲ, ಒಂದೂವರೆ ಸೆಂಟಿಮೀಟರ್ ಅಂತರದಲ್ಲಿ ಏಳುವ ಕಿರುಅಲೆ, ಅಂದರೆ ನಮ್ಮ ಕೆರೆಯಲ್ಲೂ ಕಾಣುವಂಥದ್ದು. ಗಾಳಿ ಹೆಚ್ಚಿದಂತೆ ನೀರಿನ ಮೈ ಒರಟಾಗಿ ಮರಳುವ ಸಂಕೇತವೂ ಹೆಚ್ಚುತ್ತದೆ. ಗಾಳಿಯ ದಿಕ್ಕಿನಿಂದ ನೋಡಿದಾಗ ಒಂದು ಬಗೆಯಾಗಿಯೂ ಅಡ್ಡದಿಂದ ನೋಡಿದಾಗ ಇನ್ನೊಂದು ಬಗೆಯಾಗಿಯೂ ಬರುವುದರಿಂದ ದಿಕ್ಕನ್ನೂ ತಿಳಿಯಬಹುದು. ಉಪಕರಣವು ಗಾಳಿಯನ್ನು ನೇರವಾಗಿ ನೋಡುವುದೇ ಇಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು, ಏಕೆಂದರೆ ಮುಂದಿನ ತೊಡಕುಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಸಮುದ್ರವನ್ನು ಸಾಮಾನ್ಯವಾಗಿ 25 ಅಥವಾ 50 ಕಿಲೋಮೀಟರ್ ಬದಿಯ ಚೌಕಗಳಾಗಿ ವಿಂಗಡಿಸಿಕೊಳ್ಳಲಾಗುತ್ತದೆ. ಕೋಲಾರದಿಂದ ಹೊರಟು ಬಂಗಾರಪೇಟೆಯನ್ನು ದಾಟಿ ಹೋಗುವಷ್ಟು ದೂರವೇ ಇವುಗಳಲ್ಲಿ ಚಿಕ್ಕ ಚೌಕದ ಬದಿ. ಆಂಟೆನಾದ ಎರಡು ಕಿರಣಗಳು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ನೋಡುವುದರಿಂದ ಒಂದೊಂದು ಚೌಕಕ್ಕೆ ನಾಲ್ಕು ಅಳತೆಗಳು ಸಿಗುತ್ತವೆ. ತಿಳಿಯಬೇಕಾದದ್ದು ಮಾತ್ರ ವೇಗ ಮತ್ತು ದಿಕ್ಕು ಎಂಬ ಎರಡೇ ಸಂಗತಿ. ಗುಣಮಟ್ಟ ಪರೀಕ್ಷೆಯ ಜೀವಾಳವಿರುವುದು ಹೆಚ್ಚುವರಿಯಾದ ಆ ಎರಡು ಅಳತೆಗಳಲ್ಲಿ. ಇಂಥ ಗಾಳಿಗೆ ಇಂಥ ಕೋನದಲ್ಲಿ ಇಷ್ಟು ಸಂಕೇತ ಮರಳಬೇಕು ಎಂಬ ಸಂಬಂಧವನ್ನು ಅನುಭವದಿಂದ ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಕೈಗೆ ಬಂದ ನಾಲ್ಕೂ ಅಳತೆಗಳು ಯಾವುದಾದರೂ ಒಂದು ಗಾಳಿಗೆ ಒಟ್ಟಾಗಿ ಒಪ್ಪುತ್ತವೆಯೇ ಎಂದು ನೋಡುತ್ತಾರೆ. ಯಾವ ಗಾಳಿಯನ್ನು ಊಹಿಸಿದರೂ ನಾಲ್ಕೂ ಒಪ್ಪದೆ ದೊಡ್ಡ ಅಂತರ ಉಳಿದರೆ ಆ ಚೌಕದಲ್ಲಿ ಗಾಳಿಯಲ್ಲದ ಬೇರೇನೋ ಸೇರಿಕೊಂಡಿದೆ ಎಂದು ಅನುಮಾನಿಸುತ್ತಾರೆ. ಉಪಗ್ರಹದ ನೋಟದ ಎರಡೂ ಅಂಚುಗಳಲ್ಲಿ ಒಂದೇ ಕಿರಣ ತಲುಪುವುದರಿಂದ ಅಲ್ಲಿ ಎರಡೇ ಅಳತೆಗಳಿದ್ದು, ಸುಳ್ಳನ್ನು ಹಿಡಿಯುವ ಈ ಉಪಾಯ ಅಲ್ಲಿ ನಡೆಯುವುದಿಲ್ಲ.

ಆ ‘ಬೇರೇನೋ’ ಕೆಲವೆಡೆ ನೆಲದ ಅಂಚು, ಕೆಲವೆಡೆ ಹಿಮ, ಬಹಳಷ್ಟು ಸಲ ಮಳೆ. ಮಳೆ ಮೂರು ಬಗೆಯಲ್ಲಿ ಕೆಡಿಸುತ್ತದೆ: ಹನಿಗಳೇ ಸಂಕೇತವನ್ನು ಚದುರಿಸಿ ಹಿಂದಕ್ಕೆ ಕಳುಹಿಸುತ್ತವೆ, ದಾರಿಯಲ್ಲಿ ಅದನ್ನು ಹೀರಿ ಕುಗ್ಗಿಸುತ್ತವೆ, ನೀರಿಗೆ ಬಿದ್ದು ಮೇಲ್ಮೈಯನ್ನು ಒರಟಾಗಿಸುತ್ತವೆ. ಇದರಿಂದ ಮಂದಗಾಳಿ ಬಿರುಗಾಳಿಯಂತೆಯೂ ಬಿರುಗಾಳಿ ಮಂದಗಾಳಿಯಂತೆಯೂ ಕಾಣಬಹುದು. ಹನಿಗಳಿಗೆ ಗಾಳಿಯ ದಿಕ್ಕಿನ ಹಂಗಿಲ್ಲದ ಕಾರಣ, ಗಾಳಿಯ ದಿಕ್ಕನ್ನು ತೋರಿಸುವ ನಕ್ಷೆಯ ಬಾಣಗಳು ಉಪಗ್ರಹದ ಹಾದಿಗೆ ಅಡ್ಡಲಾಗಿ ಮಲಗಿಬಿಡುವುದೂ ಉಂಟು. ಯುರೋಪಿನ ಮೆಟ್‌ಆಪ್ ಉಪಗ್ರಹಗಳ ಆಸ್ಕ್ಯಾಟ್ ಉಪಕರಣಕ್ಕೆ ಈ ಕಾಟ ಬಹಳ ಕಡಿಮೆ. ಅದರ ತರಂಗದ ಉದ್ದ 5.7 ಸೆಂಟಿಮೀಟರ್, ಸಣ್ಣ ಹನಿಗಳ ಚದುರಿಕೆಯು ತರಂಗದ ಉದ್ದದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಇಳಿಯುವುದರಿಂದ, ಅದು ಇಲ್ಲಿ ಸುಮಾರು 40 ಪಟ್ಟು ಕಡಿಮೆಯಾಗುತ್ತದೆ.

ಹಾಗಾದರೆ ಒಪ್ಪದ ಚೌಕಗಳನ್ನೆಲ್ಲ ಬಿಸಾಡಿದರೆ ಆಯಿತಲ್ಲ ಎನ್ನುವಂತಿಲ್ಲ. ಚಂಡಮಾರುತದ ಕಣ್ಣಿನ ಸುತ್ತ 25 ಕಿಲೋಮೀಟರಿನೊಳಗೇ ಗಾಳಿಯ ದಿಕ್ಕು ಗಿರಕಿ ಹೊಡೆಯುವುದರಿಂದ, ಮಳೆಯೇ ಇಲ್ಲದಿದ್ದರೂ ಅಲ್ಲಿಯ ಅಳತೆಗಳು ಒಂದೇ ಗಾಳಿಗೆ ಒಪ್ಪುವುದಿಲ್ಲ. ಪರೀಕ್ಷೆಯ ಮಟ್ಟಿಗೆ ಸುಳ್ಳು ಅಳತೆ, ಸುತ್ತುತ್ತಿರುವ ನಿಜವಾದ ಗಾಳಿ ಎರಡೂ ಒಂದೇ ಥರ ಕಾಣುತ್ತವೆ. ಕಣದಲ್ಲಿ ರಾಗಿ ತೂರಿದವರಿಗೆ ಈ ಪೇಚು ಹೊಸದಲ್ಲ: ಗಾಳಿ ಸಾಲದಿದ್ದರೆ ರಾಶಿಯಲ್ಲಿ ಹೊಟ್ಟು ಉಳಿಯುತ್ತದೆ, ಹೆಚ್ಚಾದರೆ ಕಾಳೂ ಹಾರಿಹೋಗುತ್ತದೆ. ವ್ಯತ್ಯಾಸವೆಂದರೆ, ಇಲ್ಲಿ ಹಾರಿಹೋಗುವುದು ರಾಶಿಯ ಅತಿ ಬೆಲೆಬಾಳುವ ಕಾಳು. ಕಂಪ್ಯೂಟರಿನ ಮುನ್ಸೂಚನಾ ಮಾದರಿಗೆ ತಪ್ಪು ಗಾಳಿಯನ್ನು ಉಣಿಸುವುದಕ್ಕಿಂತ ಏನನ್ನೂ ಕೊಡದಿರುವುದು ಲೇಸು ಎಂಬ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ನಕ್ಷೆ ನೋಡಿ ತೀರ್ಮಾನಿಸುವ ಅನುಭವಿ ಹವಾಮಾನ ತಜ್ಞರಿಗೆ ಆ ಅನುಮಾನದ ಬಾಣಗಳೂ ಕಾಣಬೇಕು. ಆದ್ದರಿಂದ ಅಳತೆಯನ್ನು ಅಳಿಸಿಹಾಕದೆ, ಅದರ ಪಕ್ಕದಲ್ಲಿ ಅನುಮಾನದ ಗುರುತು ಹಾಕಿ ಒದಗಿಸುವ ಈಗಿನ ಪದ್ಧತಿಯೇ ಸರಿ ಎನಿಸುತ್ತದೆ.

ಉಪಕರಣವೇ ನಿಧಾನವಾಗಿ ದಾರಿ ತಪ್ಪುವುದು ಬೇರೆಯ ಸಮಸ್ಯೆ. ಹೆಚ್ಚು ಏರುಪೇರಿಲ್ಲದೆ ಸಂಕೇತವನ್ನು ಮರಳಿಸುವ ಅಮೆಜಾನ್ ಕಾಡನ್ನು ನೋಡಿ ಅದನ್ನು ಕಂಡುಹಿಡಿಯುತ್ತಾರೆ. ನಾಸಾದ ಕ್ವಿಕ್‌ಸ್ಕ್ಯಾಟ್ ಉಪಗ್ರಹದ ಆಂಟೆನಾ 2009ರ ನವೆಂಬರಿನಲ್ಲಿ ತಿರುಗುವುದನ್ನೇ ನಿಲ್ಲಿಸಿತಾದರೂ, ಒಂದೇ ಕಡೆ ನೆಟ್ಟ ನೋಟದಿಂದಲೇ ಅದು 2018ರವರೆಗೆ ಓಷನ್‌ಸ್ಯಾಟ್-2 ಸೇರಿದಂತೆ ಇತರ ಉಪಕರಣಗಳಿಗೆ ಒರೆಗಲ್ಲಾಗಿ ಉಳಿಯಿತು.

ಇಷ್ಟಾದ ಮೇಲೂ ಅಂತಿಮ ಸಾಕ್ಷಿ ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಲಂಗರು ಹಾಕಿ ತೇಲಬಿಟ್ಟ ಮಾಪನ ಬುರುಡೆಗಳು ಒಂದು ಬಿಂದುವಿನಲ್ಲಿ ಕೆಲವು ನಿಮಿಷಗಳ ಸರಾಸರಿಯನ್ನು ಅಳೆದರೆ, ಉಪಗ್ರಹ ಇಡೀ ಚೌಕದ ಗಾಳಿಯನ್ನು ಒಂದೇ ಗಳಿಗೆಯಲ್ಲಿ ಅಳೆಯುತ್ತದೆ. ಎರಡೂ ಸರಿಯಿದ್ದು ಅಂಕಿಗಳು ಬೇರೆಯಾಗಬಹುದು. ಬುರುಡೆ, ಉಪಗ್ರಹ, ಹವಾಮಾನ ಮಾದರಿ ಈ ಮೂರರಲ್ಲಿ ಯಾವುದನ್ನೂ ಸತ್ಯವೆಂದು ಹಿಡಿಯದೆ, ಪರಸ್ಪರ ಹೋಲಿಸಿ ಒಂದೊಂದರ ತಪ್ಪನ್ನೂ ಪ್ರತ್ಯೇಕವಾಗಿ ಲೆಕ್ಕಹಾಕುವ ವಿಧಾನವನ್ನು ನೆದರ್ಲೆಂಡ್ಸ್‌ನ ಆಡ್ ಸ್ಟೊಫೆಲನ್ 1998ರಲ್ಲಿ ಮುಂದಿಟ್ಟರು. ಸಾಧಾರಣ ಗಾಳಿಗೆ ಅದು ಸಾಕಾಗುತ್ತದೆ. ಸೆಕೆಂಡಿಗೆ 25 ಮೀಟರ್ ಮೀರಿದ ಗಾಳಿಯಲ್ಲಿ ಮಾತ್ರ ಬುರುಡೆಗಳ ಅಳತೆಗಳೇ ವಿರಳ. ಅಲ್ಲಿ ವಿಮಾನದಿಂದ ಚಂಡಮಾರುತದೊಳಕ್ಕೆ ಬೀಳಿಸುವ ಮಾಪಕಗಳನ್ನು ನೆಚ್ಚಬೇಕಾಗುತ್ತದೆ, ಅವು ಹೇಳುವ ವೇಗಕ್ಕೂ ಬುರುಡೆಗಳು ಹೇಳುವ ವೇಗಕ್ಕೂ ಇನ್ನೂ ತಾಳೆಯಾಗಿಲ್ಲ.