ಪಾರುಪತ್ಯಗಾರರು ಏಕೆ ಇಷ್ಟು ಕಡಿಮೆ?

ಅಪರೂಪದ ಮನೆತನದ ಹೆಸರು ಕಿವಿಗೆ ಬಿದ್ದರೆ ಸಾಕು, ಅದರ ಹಿಂದೆ ಅರಸರ ಸಂಬಂಧವನ್ನೋ ಶಾಪವನ್ನೋ ಹುಡುಕುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ‘ಪಾರುಪತ್ಯಗಾರ’ ಅಂಥ ಹೆಸರುಗಳಲ್ಲೊಂದು. ಶಾನುಭೋಗರು, ಪಟೇಲರು, ಗೌಡರು ಊರೂರಿಗೂ ಸಿಗುತ್ತಾರೆ. ಪಾರುಪತ್ಯಗಾರ ಎಂದು ಬರೆದುಕೊಳ್ಳುವವರು ಮಾತ್ರ ವಿರಳ. ಈ ವಿರಳತೆಗೆ ರಾಜರಕ್ತವೂ ಕಾರಣವಲ್ಲ, ದೈವದ ಮುನಿಸೂ ಕಾರಣವಲ್ಲ. ಅದರ ಹಿಂದಿರುವುದು ಬಹುಮಟ್ಟಿಗೆ ಲೆಕ್ಕ, ಮತ್ತು ಆ ಲೆಕ್ಕವನ್ನು ಪರೀಕ್ಷಿಸಲು ಕೊಡಗಿನಷ್ಟು ಒಳ್ಳೆಯ ನೆಲ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಕೊಡಗಿನಲ್ಲಿ ಪಾರುಪತ್ಯಗಾರನೆಂದರೆ ನಾಡಿನ, ಅಂದರೆ ತಾಲ್ಲೂಕಿನೊಳಗಿನ ಹಲವು ಊರುಗಳ ಗುಂಪಿನ, ಮಟ್ಟದ ಅಧಿಕಾರಿ. ಅವನ ಮೇಲೆ ತಾಲ್ಲೂಕಿನ ಸುಬೇದಾರ, ಕೆಳಗೆ ಲೆಕ್ಕ ಬರೆಯುವ ಶಾನುಭೋಗ. 1834ರಲ್ಲಿ ಚಿಕ್ಕವೀರರಾಜೇಂದ್ರ ಪದಚ್ಯುತನಾಗಿ ರಾಜ್ಯ ಬ್ರಿಟಿಷರ ಕೈಸೇರಿದ ಮೇಲೂ ಈ ಹುದ್ದೆಗಳು ಹಳೆಯ ಹೆಸರಿನಲ್ಲೇ ನಡೆದುಬಂದವು. ಹಾಗಿದ್ದೂ ಇಲ್ಲಿನ ಒಕ್ಕಗಳ, ಅಂದರೆ ಒಬ್ಬ ಮೂಲಪುರುಷನಿಂದ ಬಂದ ಕೊಡವ ಮನೆತನಗಳ, ಹೆಸರಿನ ಜಾಗವನ್ನು ಆ ಹುದ್ದೆ ಹಿಡಿಯಲಿಲ್ಲ. ಹುದ್ದೆಯೊಂದು ಹೆಸರಾಗಿ ನಿಲ್ಲಬೇಕಾದರೆ ಅದು ಒಂದೇ ಮನೆಯಲ್ಲಿ ತಲೆಮಾರುಗಳ ಕಾಲ ಉಳಿಯಬೇಕು, ಆ ಮನೆಗೆ ಅದಕ್ಕಿಂತ ಗಟ್ಟಿಯಾದ ಹೆಸರು ಮೊದಲೇ ಇರಬಾರದು. ಕೊಡವರಲ್ಲಿ ಎರಡನೆಯದು ಸಾಧ್ಯವೇ ಇರಲಿಲ್ಲ. ಐನ್‌ಮನೆ ಎಂಬ ಮೂಲಮನೆ, ಹಿರಿಯರನ್ನು ಪೂಜಿಸುವ ಕೈಮಡ, ವಂಶಪಾರಂಪರ್ಯವಾಗಿ ಬಂದ ಜಮ್ಮ ಭೂಮಿ ಎಲ್ಲವೂ ಒಕ್ಕದ ಹೆಸರಿಗೆ ಅಂಟಿಕೊಂಡಿದ್ದವು. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯ ಇಬ್ಬರ ಹೆಸರಿನ ಮೊದಲಕ್ಷರವೂ ಕೊಡಂದೇರ ಒಕ್ಕದ್ದು. ಸೇನೆಯ ಅತ್ಯುನ್ನತ ಪದವಿಯೂ ಆ ಅಕ್ಷರವನ್ನು ಕದಲಿಸಲಿಲ್ಲ. ಪಟ್ಟೇದಾರ ಎಂಬ ಪದವಿಯ ಕಥೆ ಬೇರೆ. ಅದು ತಂದೆಯಿಂದ ಮಗನಿಗೆ ಹೋಗದೆ ಒಕ್ಕದ ಹಿರಿಯ ಗಂಡಸಿಗೆ ಸಲ್ಲುವುದರಿಂದ ಇಂದು ಒಂದು ಕವಲಿನಲ್ಲಿದ್ದರೆ ನಾಳೆ ಇನ್ನೊಂದರಲ್ಲಿರುತ್ತದೆ, ಯಾವ ಮನೆಗೂ ಹೆಸರಾಗಿ ಅಂಟುವಷ್ಟು ಕಾಲ ನಿಲ್ಲುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಹೆಸರಾಂತ ಮನೆತನಗಳು ಒಂದೊಂದಾಗಿ ಕಣ್ಮರೆಯಾಗುತ್ತಿರುವುದಕ್ಕೆ ಅವುಗಳ ಸತ್ವ ಕುಂದಿದ್ದೇ ಕಾರಣವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕರು ವಾದಿಸುತ್ತಿದ್ದರು. ಸತ್ವದ ಮಾತಿಗೆ ಮುಂಚೆ ಬರಿಯ ಆಕಸ್ಮಿಕದಿಂದ ಎಷ್ಟು ಹೆಸರುಗಳು ಅಳಿಯಬಹುದೆಂದು ತಿಳಿಯಬೇಕಲ್ಲವೇ ಎಂದು ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಪ್ರಶ್ನೆಯಾಗಿ ಪ್ರಕಟಿಸಿದ. ಹೆನ್ರಿ ವಾಟ್ಸನ್ ಎಂಬ ಪಾದ್ರಿ ಅದನ್ನು ಗಣಿತಕ್ಕೆ ಇಳಿಸಿದ. 1874ರಲ್ಲಿ ಇಬ್ಬರ ಲೇಖನವೂ ಹೊರಬಂತು. ವಿಧಾನ ಸರಿಯಾಗಿತ್ತು, ಆದರೆ ಎಲ್ಲ ಹೆಸರುಗಳೂ ಒಂದು ದಿನ ಅಳಿಯಲೇಬೇಕು ಎಂಬ ವಾಟ್ಸನ್ನನ ತೀರ್ಮಾನ ತಪ್ಪು. ತಲೆಗೆ ಸರಾಸರಿ ಒಬ್ಬನಿಗಿಂತ ಹೆಚ್ಚು ಗಂಡುಮಕ್ಕಳಿದ್ದರೆ ಕೆಲವು ಹೆಸರುಗಳಿಗೆ ಎಂದೆಂದಿಗೂ ಉಳಿಯುವ ಅವಕಾಶವಿದೆ. ಫ್ರಾನ್ಸಿನ ಗಣಿತಜ್ಞ ಬಿಯೆನೆಮೆ ಇದನ್ನು 1845ರಲ್ಲೇ ಸರಿಯಾಗಿ ಹೇಳಿದ್ದ, ಯಾರೂ ಗಮನಿಸಿರಲಿಲ್ಲ.

ಕೊಡಗಿನಲ್ಲಿ ಮೂವತ್ತೈದು ನಾಡುಗಳಿದ್ದವೆಂಬುದು ಸಂಪ್ರದಾಯದ ಎಣಿಕೆ. ನಾಡಿಗೊಬ್ಬನಂತೆ 35 ಪಾರುಪತ್ಯಗಾರರ ಹೆಸರು ಅವರವರ ಮಕ್ಕಳಿಗೆ ಇಳಿಯಿತೆಂದು ಕಲ್ಪಿಸಿಕೊಳ್ಳಿ. ಬೆಳೆದು ಸಂಸಾರ ಹೂಡುವ ಗಂಡುಮಕ್ಕಳು ತಲೆಗೆ ಸರಾಸರಿ ಒಬ್ಬ. ಆದರೆ ಒಬ್ಬನಿಗೆ ಮೂವರು, ಇನ್ನೊಬ್ಬನಿಗೆ ಯಾರೂ ಇಲ್ಲ ಎಂಬ ಏರುಪೇರು ಆಕಸ್ಮಿಕಕ್ಕೆ ಬಿಟ್ಟದ್ದು. ಹೀಗಿದ್ದರೆ ಮೊದಲ ತಲೆಮಾರಿಗೇ ನೂರಕ್ಕೆ 37 ವಂಶಗಳ ಹೆಸರು ಅಳಿಯುತ್ತದೆ. ಎರಡನೆಯದಕ್ಕೆ ಅಳಿದವುಗಳ ಪ್ರಮಾಣ 53, ಐದನೆಯದಕ್ಕೆ 73, ಹತ್ತನೆಯದಕ್ಕೆ 84. ಮೂವತ್ತೈದರಲ್ಲಿ ಉಳಿದವು ಐದೋ ಆರೋ! ಜನಸಂಖ್ಯೆ ಕುಂದಿಲ್ಲ, ಯಾವ ರೋಗವೂ ಬಂದಿಲ್ಲ, ಯಾರೂ ಯಾರನ್ನೂ ಶಪಿಸಿಲ್ಲ. ಒಂದೇ ತಾಯಿಬಳ್ಳಿಯಿಂದ ಕತ್ತರಿಸಿ ಮರಕ್ಕೊಂದರಂತೆ ನಟ್ಟ ಮೆಣಸಿನ ಬಳ್ಳಿಗಳಲ್ಲಿ ಕೆಲವು ಒಣಗಿ ಕೆಲವು ಮೇಲೇರಿದಾಗ, ಮೇಲೇರಿದ್ದರ ತಳಿಯೇ ಶ್ರೇಷ್ಠವೆಂದು ಯಾವ ಬೆಳೆಗಾರನೂ ಹೇಳುವುದಿಲ್ಲ. ಊರಿಗೊಬ್ಬರಂತೆ ಸಾವಿರಾರು ಮಂದಿಯಿಂದ ಮೊದಲಾದ ಹೆಸರು ಈ ಜರಡಿಯಲ್ಲಿ ಸುಲಭವಾಗಿ ದಾಟುತ್ತದೆ. ನಾಡಿಗೊಬ್ಬನಿಂದ ಮೊದಲಾದದ್ದು ದಾಟಿದರೂ ಕೈಬೆರಳೆಣಿಕೆಯ ಮನೆಗಳಲ್ಲಿ ನಿಲ್ಲುತ್ತದೆ.

ತಂದೆಯಿಂದ ಮಗನಿಗೆ ಮಾತ್ರ ಸಾಗುವ ವೈ ವರ್ಣತಂತುವಿನ ಅಧ್ಯಯನಗಳೂ ಇದನ್ನೇ ಸೂಚಿಸುತ್ತವೆ. ಬ್ರಿಟನ್ನಿನಲ್ಲಿ ಕಮ್ಮಾರಿಕೆಯಿಂದ ಬಂದ ಸ್ಮಿತ್ ಎಂಬ ಹೆಸರಿನ ಗಂಡಸರ ವೈ ವರ್ಣತಂತುಗಳು ಬಗೆಬಗೆಯವು, ಏಕೆಂದರೆ ಅವರ ಮೂಲಪುರುಷರು ಅನೇಕ. ಅಟೆನ್‌ಬರೋ ಎಂಬ ವಿರಳ ಹೆಸರಿನವರಲ್ಲಿ ಬಹುಪಾಲು ಮಂದಿಯದು ಒಂದೇ ಬಗೆ.

ಕೊಡವರ ಪದ್ಧತಿಯಲ್ಲಿ ಮಾತ್ರ ಗಾಲ್ಟನ್ ಊಹಿಸದಿದ್ದ ಒಂದು ದಾರಿಯಿದೆ. ಗಂಡುಸಂತಾನವಿಲ್ಲದೆ ಒಕ್ಕ ಅಳಿಯುವ ಹಂತಕ್ಕೆ ಬಂದಾಗ ಮಗಳನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದರು. ಒಕ್ಕಪರಿಜೆ ಎಂಬ ಬಗೆಯ ಮದುವೆಯಲ್ಲಿ ಅಳಿಯನೇ ಹೆಂಡತಿಯ ಒಕ್ಕಕ್ಕೆ ಸೇರುತ್ತಾನೆ; ಮಕ್ಕಪರಿಜೆಯಲ್ಲಿ ಅವನು ತನ್ನ ಒಕ್ಕದಲ್ಲೇ ಉಳಿದರೂ ಮಕ್ಕಳು ತಾಯಿಯ ಒಕ್ಕಕ್ಕೆ ಸಲ್ಲುತ್ತಾರೆ. ವಾಟ್ಸನ್ನನ ಸಮೀಕರಣದಲ್ಲಿ ಸೊನ್ನೆಯೆಂದು ಬರೆಯಬೇಕಾದ ಕಡೆ ಕೊಡಗಿನ ಹಿರಿಯರು ಒಂದು ಎಂದು ಬರೆದರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಒಕ್ಕಗಳ ನಡುವಣ ಹಾಕಿ ಪಂದ್ಯಾವಳಿ ಆರಂಭಿಸಿದಾಗ ಒಕ್ಕಕ್ಕೊಂದರಂತೆ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲಿನಲ್ಲಿ 360. ಇಷ್ಟು ಚಿಕ್ಕ ಸಮುದಾಯದಲ್ಲಿ ಇಷ್ಟೊಂದು ಹೆಸರುಗಳು ಉಳಿದಿರುವುದರಲ್ಲಿ ಈ ಪದ್ಧತಿಯ ಪಾಲೂ ಇದೆಯೆಂದು ನಾನು ಭಾವಿಸುತ್ತೇನೆ. ಹೀಗೆ ಉಳಿದ ಒಕ್ಕದಲ್ಲಿ ವೈ ವರ್ಣತಂತು ಅಳಿಯನ ಕಡೆಯದು, ಹೆಸರೂ ಜಮ್ಮದ ಹಕ್ಕೂ ಮಗಳ ಕಡೆಯವು. ಪ್ರಯೋಗಾಲಯದ ವರದಿಯನ್ನು ಮಾತ್ರ ಹಿಡಿದು ಇಂಥ ಮನೆಯ ಮೂಲ ಹೇಳಹೊರಟವರು ಬೇರೊಂದು ಒಕ್ಕದ ಐನ್‌ಮನೆಗೆ ಹೋಗಿ ತಲುಪುತ್ತಾರೆ.